ಟೂರಿಂಗ್ ಬೈಕಿಗೆ ಜಾಸ್ತಿ ಬಾಳುವ ಟೈರು ಯಾವುದು? ಮೊದಲು ಹಳೆಯದನ್ನು ನೋಡಿ

ಪ್ರಶ್ನೆ: ನನ್ನದು ಸುಮಾರು 270 ಕೆ.ಜಿ. ತೂಕದ, ನಾಲ್ಕು ಸಿಲಿಂಡರಿನ ಟೂರಿಂಗ್ ಬೈಕು. ಮುಂದೆ 120/70 ಝಡ್‌ಆರ್ 17, ಹಿಂದೆ 180/55 ಝಡ್‌ಆರ್ 17 ಟೈರು. ವರ್ಷಕ್ಕೆ 15,000 ಕಿ.ಮೀ. ಓಡಿಸುತ್ತೇನೆ, ಬಹುತೇಕ ಹೆದ್ದಾರಿಯಲ್ಲೇ. ಹಿಂದೆ ನನ್ನ ಹೆಂಡತಿ ಕೂರುತ್ತಾರೆ, ಮೂರು ಪೆಟ್ಟಿಗೆ ತುಂಬ ಸಾಮಾನಿರುತ್ತದೆ. ಬೈಕಿನ ಜೊತೆ ಬಂದ ಹಿಂದಿನ ಟೈರು 8,500 ಕಿ.ಮೀ.ಗೆ ನಡುವೆ ಬೋಳಾಗಿದೆ, ಅಂಚು ಮಾತ್ರ ಹೊಸದರಂತೆ ಇದೆ. ಮುಂದಿನದು ಅರ್ಧ ಸವೆದಿದೆ. ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಹಿಂದಕ್ಕೆ 34 ಪಿಎಸ್‌ಐ ಗಾಳಿ ಹಾಕಿಸುತ್ತೇನೆ. ಸ್ವಲ್ಪ ಮೆತ್ತಗಿದ್ದರೆ ಆರಾಮ ಅನಿಸುತ್ತದೆ. 20,000 ಕಿ.ಮೀ. ಬಾಳುವ ಟೈರು ಯಾವುದು? ಹಿಂದೆ ಕಾರಿನ ಟೈರು ಹಾಕಿಸಿಬಿಡು ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ನಿಂತದ್ದು ಟೈರಿನ ಹೆಸರು ಕೇಳಿದ ಕಡೆ ಅಲ್ಲ, 34 ಪಿಎಸ್‌ಐ ಅಂದ ಕಡೆ. ಅದೂ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ, ಅಂದರೆ ಗಾಡಿ ಓಡಿ ಟೈರು ಬಿಸಿಯಾಗಿರುವಾಗ. ಯಾವ ಟೈರು ಅನ್ನುವುದಕ್ಕೆ ಬರುತ್ತೇನೆ. ಆದರೆ ನೀವು ಹಳೆಯ ಟೈರನ್ನು ಬಿಚ್ಚಿಸಿ ಎಸೆಯುವ ಮೊದಲು ಅದನ್ನೊಮ್ಮೆ ಸರಿಯಾಗಿ ನೋಡಬೇಕು. ಅದು ಯಾಕೆ ಸವೆಯಿತು ಅಂತ ಗೊತ್ತಾಗದೆ ಎಷ್ಟೇ ಒಳ್ಳೆಯ ಟೈರು ಹಾಕಿಸಿದರೂ ಅದೂ ಅದೇ ದಾರಿ ಹಿಡಿಯುತ್ತದೆ.

ಬೈಕನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಟೈರಿನ ಮಟ್ಟಕ್ಕೆ ತನ್ನಿ. ಹೊಸ ಟೈರು ಈ ಅಂಚಿನಿಂದ ಆ ಅಂಚಿನವರೆಗೆ ಕಮಾನಿನ ಹಾಗೆ ದುಂಡಗೆ ಕಾಣುತ್ತದೆ. ನಿಮ್ಮದು ನಡುವೆ ಚಪ್ಪಟೆಯಾಗಿ, ಎರಡೂ ಕಡೆ ಒಂದು ಸಣ್ಣ ಮೂಲೆ ಎದ್ದಿರುತ್ತದೆ. ಆ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ, ಏಣು ಕೈಗೆ ಸಿಗುತ್ತದೆ. ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಬೈಕು ಮೊದಲು ಬಾಗಲು ಒಪ್ಪದೆ, ಆಮೇಲೆ ತಟ್ಟನೆ ಬಿದ್ದಂತೆ ಬಾಗುತ್ತಿತ್ತು ಅಲ್ವಾ? ಅದಕ್ಕೆ ಈ ಏಣೇ ಕಾರಣ. ಎಷ್ಟೋ ಜನ ಬೈಕಿನ ಫೋರ್ಕ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹೊಸ ಟೈರು ಹಾಕಿದ ದಿನ ಬೈಕು ಹೂವಿನಂತೆ ಹಗುರವಾಗಿಬಿಡುತ್ತದೆ.

ಈಗ ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು, ಚಕ್ರ ತಿರುಗುವ ದಿಕ್ಕಿಗೆ ಒಮ್ಮೆ, ಅದರ ವಿರುದ್ಧ ಒಮ್ಮೆ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತರಚಿದರೆ, ಟೈರು ಅಲೆಅಲೆಯಾಗಿ ಸವೆಯುತ್ತಿದೆ ಎಂದು ಅರ್ಥ. ಇದಕ್ಕೆ ಗಾಳಿ ಕಡಿಮೆ ಇರುವುದು ಒಂದು ಕಾರಣ. ಫೋರ್ಕಿನ ಎಣ್ಣೆ ಹಳೆಯದಾಗಿ ಡ್ಯಾಂಪಿಂಗ್, ಅಂದರೆ ಕುಲುಕಾಟ ತಡೆಯುವ ಶಕ್ತಿ, ಸೋತಿರುವುದು ಇನ್ನೊಂದು. ಬ್ಯಾಲೆನ್ಸ್ ತಪ್ಪಿದ್ದರೂ, ಬೇರಿಂಗ್ ಸಡಿಲವಾಗಿದ್ದರೂ ಹೀಗಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ರಸ್ತೆಯ ಎಡಬದಿಯಲ್ಲಿ ಓಡಿಸುವ ಕಡೆ ಮುಂದಿನ ಟೈರಿನ ಬಲಭಾಗ ಎಡಭಾಗಕ್ಕಿಂತ ಸ್ವಲ್ಪ ಬೇಗ ಸವೆಯುತ್ತದೆ. ಬಲಕ್ಕೆ ತಿರುಗುವಾಗ ದಾರಿ ಉದ್ದ, ಜೊತೆಗೆ ರಸ್ತೆ ನಡುವಿನಿಂದ ಅಂಚಿಗೆ ಇಳಿಜಾರು. ಬಲಬದಿಯಲ್ಲಿ ಓಡಿಸುವ ಕಡೆ ಇದೇ ತಿರುವುಮುರುವು. ಹಾಗಾಗಿ ಎರಡು ಬದಿಗೆ ಅಲ್ಪ ಸ್ವಲ್ಪ ವ್ಯತ್ಯಾಸ ಕಂಡರೆ ಗಾಬರಿ ಬೇಡ.

ಸರಿ, ಗಾಳಿಯ ವಿಷಯ. ನಿಮ್ಮ ಅಳತೆಯ ಟೈರಿರುವ ಬಹುಪಾಲು ಟೂರಿಂಗ್ ಬೈಕುಗಳ ಕೈಪಿಡಿ ಮುಂದೆ 36, ಹಿಂದೆ 42 ಪಿಎಸ್‌ಐ ಹೇಳುತ್ತದೆ. ಬಾರ್ ಲೆಕ್ಕದಲ್ಲಿ 2.5 ಮತ್ತು 2.9. ನಿಮ್ಮ ಬೈಕಿನ ಕೈಪಿಡಿ ತೆಗೆದು ನೋಡಿ. ಇಲ್ಲವಾದರೆ ಹಿಂದಿನ ಸ್ವಿಂಗ್‌ಆರ್ಮ್ ಅಥವಾ ಚೈನಿನ ಕವಚದ ಮೇಲೆ ಅಂಟಿಸಿದ ಚೀಟಿ ನೋಡಿ. ಈ ಅಂಕಿ ತಣ್ಣಗಿರುವ ಟೈರಿನದು. ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು, ಮೇಲೆ ಬಿಸಿಲು ಬಿದ್ದಿರಬಾರದು. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದ ಟೈರಿನಲ್ಲಿ ಒತ್ತಡ ಸುಮಾರು ಹತ್ತು ಶೇಕಡಾ ಏರಿರುತ್ತದೆ. ಬಿಸಿಯಲ್ಲಿ 34 ತೋರಿಸಿದ ನಿಮ್ಮ ಟೈರು ಮಾರನೇ ದಿನ ಬೆಳಿಗ್ಗೆ 31ರ ಆಸುಪಾಸಿನಲ್ಲಿ ಇತ್ತು. ಬೇಕಾದದ್ದು 42. ಇಬ್ಬರು, ಮೂರು ಪೆಟ್ಟಿಗೆ, ಹೆದ್ದಾರಿಯ ವೇಗ. ಪಾಪ, ಆ ಟೈರು 8,500 ಬಂದದ್ದೇ ದೊಡ್ಡದು.

ಗಾಳಿ ಕಡಿಮೆಯಾದರೆ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ನೀವು ಇನ್ನೊಮ್ಮೆ ಈ ತಪ್ಪು ಮಾಡುವುದಿಲ್ಲ. ಚಕ್ರದ ಪ್ರತಿ ಸುತ್ತಿಗೂ ಟೈರಿನ ಪಕ್ಕ ಒಮ್ಮೆ ಮಡಚಿ ಒಮ್ಮೆ ನೆಟ್ಟಗಾಗುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಬಗ್ಗಿದ ಜಾಗ ಬಿಸಿಯಾಗುತ್ತದಲ್ಲ, ಹಾಗೆಯೇ. ಹಿಂದಿನ ಚಕ್ರ ಒಂದು ಕಿಲೋಮೀಟರಿಗೆ ಐನೂರು ಸುತ್ತು ಸುತ್ತುತ್ತದೆ. ಮೆತ್ತಗಿದ್ದಷ್ಟೂ ಜಾಸ್ತಿ ಮಡಚುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಬಿಸಿಯಾದ ರಬ್ಬರು ಒರಟು ರಸ್ತೆಯ ಮೇಲೆ ಬೇಗ ಉಜ್ಜಿಹೋಗುತ್ತದೆ. ಅದರ ಮೇಲೆ ಎಂಜಿನ್ನಿನ ತಳ್ಳುವ ಬಲವೆಲ್ಲ ಅದೇ ನಡುವಿನ ಪಟ್ಟಿಯಿಂದಲೇ ನೆಲಕ್ಕೆ ಇಳಿಯಬೇಕು. ನೇರ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವವರ ಟೈರು ನಡುವೆ ಚಪ್ಪಟೆಯಾಗಿ, ಅಂಚು ಹೊಸದಾಗಿ ಉಳಿಯುವುದು ಇದರಿಂದ. ಗಾಳಿ ಸರಿ ಇದ್ದರೂ ಸ್ವಲ್ಪ ಮಟ್ಟಿಗೆ ಹೀಗೇ ಆಗುತ್ತದೆ, ಆದರೆ ನಿಧಾನವಾಗಿ.

ಮೆತ್ತಗಿದ್ದರೆ ಆರಾಮ ಅನ್ನುವುದು ನಿಜವೇ. ಆದರೆ ಆ ಆರಾಮವನ್ನು ಟೈರಿನಿಂದ ಪಡೆಯಬೇಡಿ, ಸಸ್ಪೆನ್ಷನ್ನಿನಿಂದ ಪಡೆಯಿರಿ. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡನ್ನು, ಅಂದರೆ ಅದರ ಸ್ಪ್ರಿಂಗಿನ ಬಿಗಿಯನ್ನು, ಇಬ್ಬರು ಕೂತು ಸಾಮಾನು ಹೇರಿದ ತೂಕಕ್ಕೆ ತಕ್ಕಂತೆ ಏರಿಸಿ. ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟವರೇ ಜಾಸ್ತಿ. ಭಾರಕ್ಕೆ ಹಿಂಭಾಗ ಕುಸಿದು, ಶಾಕ್ ಕೊನೆಗೆ ಬಡಿಯುವುದನ್ನು ಟೈರಿನ ಗಡಸು ಅಂದುಕೊಂಡು ಗಾಳಿ ಇಳಿಸುತ್ತಾರೆ. ನಿಮ್ಮಲ್ಲೂ ಹೀಗೇ ಆಗಿರಬಹುದು.

ಇನ್ನು ಟೈರಿನ ಆಯ್ಕೆ. ಬೈಕಿನ ಟೈರು ಎಷ್ಟು ಬಾಳುತ್ತದೆ ಎಂದು ಅದರ ಮೇಲೆ ಎಲ್ಲೂ ಬರೆದಿರುವುದಿಲ್ಲ. ಕಾರಿನ ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ 300, 400 ಎಂಬ ಅಂಕಿ ನೋಡಿರಬಹುದು. ಅದು ಅಮೆರಿಕದ ನಿಯಮದ ಪ್ರಕಾರ ಹಾಕುವುದು, ಬೈಕಿನ ಟೈರಿಗೆ ಆ ನಿಯಮ ಇಲ್ಲ. ಹಾಗಾಗಿ ಒಂದು ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಸುಲಭದ ದಾರಿ ನಮಗಿಲ್ಲ. ಟೈರಿನ ಜಾತಿ, ಒಳಗಿನ ಕಟ್ಟು, ರಬ್ಬರು, ಈ ಮೂರನ್ನು ನೋಡಿಯೇ ಅಂದಾಜು ಮಾಡಬೇಕು.

ಟೂರಿಂಗ್ ಟೈರು ಎಂಬ ಹೆಸರಿನಲ್ಲೇ ಬೇರೆ ಬೇರೆ ಜಾತಿಗಳಿವೆ. ದೊಡ್ಡ ಕ್ರೂಸರುಗಳಿಗೆಂದೇ ಮಾಡಿದ ಡನ್‌ಲಪ್ ಅಮೆರಿಕನ್ ಎಲೀಟ್, ಮಿಶೆಲಿನ್ ಕಮಾಂಡರ್ 3 ಟೂರಿಂಗ್, ಮೆಟ್ಝೆಲರ್ ಎಂಇ 888 ಮ್ಯಾರಥಾನ್ ಅಲ್ಟ್ರಾ ಇವೆ. ಹಿಂದಿನ ಟೈರೇ 20,000 ಬಂತು ಎಂದು ಯಾರಾದರೂ ಹೇಳಿದರೆ ಬಹುತೇಕ ಈ ಜಾತಿಯ ಟೈರಿನ ಮಾತು ಅದು. ಅವುಗಳ ರಬ್ಬರು ಗಡಸು. ಆ ಬೈಕುಗಳು ಹೆಚ್ಚು ಬಾಗುವುದೂ ಇಲ್ಲ, ಮೊದಲೇ ಫುಟ್‌ಬೋರ್ಡು ನೆಲಕ್ಕೆ ತಾಗುತ್ತದೆ. ಆದರೆ ಈ ಟೈರುಗಳನ್ನು ಮಾಡಿರುವುದು ಕ್ರೂಸರ್ ಅಳತೆಗಳಿಗೆ, 16, 18, 19, 21 ಇಂಚಿನ ರಿಮ್ಮುಗಳೇ ಹೆಚ್ಚು. ನಿಮ್ಮ ಬೈಕಿಗೆ ಅವು ಲೆಕ್ಕಕ್ಕೆ ಬರುವುದಿಲ್ಲ. ಅಡ್ವೆಂಚರ್ ಬೈಕುಗಳ ಟೈರುಗಳೂ ಹಾಗೆಯೇ, ಬಿಟ್ಟುಬಿಡೋಣ.

ನಿಮಗೆ ಬೇಕಾದದ್ದು ಸ್ಪೋರ್ಟ್ ಟೂರಿಂಗ್ ರೇಡಿಯಲ್. ರೇಡಿಯಲ್ ಅಂದರೆ ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹೋಗುವ ಟೈರು. ಇಲ್ಲೇ ಒಂದು ಸೂಕ್ಷ್ಮ ಇದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಒಂದೇ ಹೆಸರಿನ ಟೈರು ಎರಡು ಬಗೆಯಲ್ಲಿ ಬರುತ್ತದೆ, ಒಂದು ಸಾಮಾನ್ಯದ್ದು, ಇನ್ನೊಂದು ಭಾರದ ಬೈಕಿಗೆ. ಮಿಶೆಲಿನ್ ರೋಡ್ 6 ಇದೆ, ರೋಡ್ 6 ಜಿಟಿ ಬೇರೆ ಇದೆ. ಮೆಟ್ಝೆಲರ್ ರೋಡ್‌ಟೆಕ್ 01 ಇದೆ, ಅದರಲ್ಲೇ ಭಾರದ ಬೈಕುಗಳಿಗೆ ಎಚ್‌ಡಬ್ಲ್ಯುಎಂ ಎಂಬ ಗುರುತಿನದು ಇದೆ. ಬ್ರಿಡ್ಜ್‌ಸ್ಟೋನ್ ಟಿ32 ಮತ್ತು ಟಿ32 ಜಿಟಿ, ಕಾಂಟಿನೆಂಟಲ್ ರೋಡ್‌ಅಟ್ಯಾಕ್ 3 ಮತ್ತು ಅದರ ಜಿಟಿ, ಪಿರೆಲ್ಲಿ ಏಂಜೆಲ್ ಜಿಟಿ ಆದರೆ ಹೆಸರಿನ ಕೊನೆಗೆ ಎ ಅಕ್ಷರದ ಗುರುತು. ಗೆರೆಗಳ ವಿನ್ಯಾಸ ಹೊರಗಿನಿಂದ ಹೆಚ್ಚುಕಡಿಮೆ ಒಂದೇ. ಬರೆದ ಅಳತೆ ಒಂದೇ. ಲೋಡ್ ಇಂಡೆಕ್ಸ್, ಅಂದರೆ ಟೈರು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಅಂಕಿ, ಅದೂ ಒಂದೇ ಇರಬಹುದು. ಆದರೆ ಒಳಗಿನ ಕಟ್ಟು ಬೇರೆ, ಭಾರ ತಡೆಯುವಂತೆ ಇನ್ನೂ ಬಿಗಿಯಾಗಿ ಮಾಡಿರುತ್ತಾರೆ. ಕಟ್ಟು ಬಿಗಿ ಇದ್ದರೆ ಭಾರದಲ್ಲಿ ಮಡಚುವುದು ಕಡಿಮೆ, ಬಿಸಿ ಕಡಿಮೆ, ಸವೆತ ಕಡಿಮೆ. 270 ಕೆ.ಜಿ. ಬೈಕು, ಇಬ್ಬರು, ಪೆಟ್ಟಿಗೆ ಅಂದಮೇಲೆ ನೀವು ಕೇಳಬೇಕಾದದ್ದು ಈ ಭಾರದ ಬಗೆಯನ್ನೇ. ಅಂಗಡಿಯವರು ‘ಎರಡೂ ಒಂದೇ ಸಾರ್’ ಅಂದರೆ ಒಪ್ಪಬೇಡಿ. ಟೈರಿನ ಪಕ್ಕದಲ್ಲಿ ಆ ಗುರುತು ಅಚ್ಚಾಗಿರುತ್ತದೆ, ನೀವೇ ಬಗ್ಗಿ ಓದಿ. ಹಗುರ ಬೈಕಿನಲ್ಲಿ ಒಬ್ಬರೇ ಓಡಿಸುವವರು ಇದೇ ಜಿಟಿ ಹಾಕಿಸಿದರೆ ಸುಮ್ನೆ ಗಡಸು ಸವಾರಿ, ಟೈರು ಸರಿಯಾಗಿ ಬಿಸಿಯೂ ಆಗುವುದಿಲ್ಲ. ಅವರಿಗೆ ಸಾಮಾನ್ಯದ್ದೇ ಒಳ್ಳೆಯದು.

ಲೋಡ್ ಇಂಡೆಕ್ಸ್ ಅಂದೆನಲ್ಲ, ಅದನ್ನೂ ಒಮ್ಮೆ ಲೆಕ್ಕ ಹಾಕಿಬಿಡೋಣ. ನಿಮ್ಮ ಹಿಂದಿನ ಟೈರಿನ ಮೇಲೆ 73 ಡಬ್ಲ್ಯು ಎಂದು ಇರುತ್ತದೆ. 73 ಅಂದರೆ 365 ಕೆ.ಜಿ. ಹೊರಬಲ್ಲದು, ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ. ವೇಗಕ್ಕೆ ಒಪ್ಪಿದ್ದು. ಮುಂದಿನದು 58, ಅಂದರೆ 236 ಕೆ.ಜಿ. ಈಗ ಹಿಂದಿನ ಚಕ್ರದ ಮೇಲೆ ಬೀಳುವ ಭಾರ ನೋಡಿ. ಬೈಕಿನ ಅರ್ಧ ತೂಕ 135. ನಿಮ್ಮದೂ ನಿಮ್ಮ ಜಾಕೆಟ್ಟು ಹೆಲ್ಮೆಟ್ಟಿನದೂ ಸೇರಿ 90 ಎಂದುಕೊಂಡರೆ ಅದರಲ್ಲಿ 55 ಹಿಂದಕ್ಕೆ. ನಿಮ್ಮ ಹೆಂಡತಿಯವರದು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ, 70. ಮೂರು ಪೆಟ್ಟಿಗೆ, ಅದರೊಳಗಿನ ಸಾಮಾನು 45. ಒಟ್ಟು 305. 365ರ ಒಳಗೇ ಇದೆ. ಆದರೆ ಆ 365ರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಇರುತ್ತದೆ: 42 ಪಿಎಸ್‌ಐ, ತಣ್ಣಗಿರುವಾಗ. ಹೊರುವ ಶಕ್ತಿ ರಬ್ಬರಿನದಲ್ಲ, ಒಳಗಿನ ಗಾಳಿಯದು. 31ರಲ್ಲಿ ಆ ಟೈರಿಗೆ 365ರ ಮಾತೇ ಇಲ್ಲ. ನೀವು ಗೊತ್ತಿಲ್ಲದೆ ಪ್ರತಿ ಪ್ರವಾಸದಲ್ಲೂ ಅತಿಭಾರ ಹೇರಿ ಓಡಿಸಿದ್ದೀರಿ. ಇದು ಬರೀ ಸವೆತದ ವಿಷಯ ಅಲ್ಲ. ಹಾಗೆ ಬಿಸಿಯಾದ ಟೈರು ಓಡುತ್ತಿರುವಾಗಲೇ ಒಳಪದರ ಬಿಟ್ಟು ಸಿಡಿಯಬಹುದು. ದಯವಿಟ್ಟು ಇನ್ನು ಹೀಗೆ ಮಾಡಬೇಡಿ.

ಮೂರನೆಯದು ರಬ್ಬರು. ಈಗಿನ ಒಳ್ಳೆಯ ಟೂರಿಂಗ್ ಟೈರುಗಳಲ್ಲಿ ನಡುವೆ ಗಡಸು, ಅಂಚಿನ ಕಡೆ ಮೆತ್ತಗಿನ ರಬ್ಬರು ಇರುತ್ತದೆ. ನೇರ ರಸ್ತೆಯಲ್ಲಿ ಗಡಸು ಭಾಗ ಓಡುತ್ತದೆ, ಬಾಗಿದಾಗ ಮೆತ್ತಗಿನದು ಹಿಡಿಯುತ್ತದೆ. ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ಮಾಡುತ್ತಾರೆ. ಮಿಶೆಲಿನ್‌ನವರು ಹಿಂದಿನ ಟೈರಿನಲ್ಲಿ ನಡುವಿನ ಗಡಸು ರಬ್ಬರನ್ನು ಅಂಚಿನ ಮೆತ್ತಗಿನ ಪದರದ ಅಡಿಗೂ ಹರಡುತ್ತಾರೆ. ಬಾಗಿದಾಗ ಅಂಚು ಹಿಸುಕಿದಂತೆ ಆಗಬಾರದು ಎಂದು. ಕಾಂಟಿನೆಂಟಲ್‌ನವರು ಎರಡು ರಬ್ಬರು ಬಳಸುವುದಿಲ್ಲ. ಒಂದೇ ರಬ್ಬರನ್ನು ನಡುವೆ ಒಂದು ಶಾಖದಲ್ಲಿ, ಅಂಚಿನಲ್ಲಿ ಇನ್ನೊಂದು ಶಾಖದಲ್ಲಿ ಬೇಯಿಸಿ ನಡುವನ್ನು ಗಡಸು ಮಾಡುತ್ತಾರೆ. ಆಗ ಎರಡರ ನಡುವೆ ಜೋಡಣೆಯ ಗೆರೆಯೇ ಇಲ್ಲ. ನನಗೆ ಈ ಉಪಾಯ ಬಹಳ ಇಷ್ಟ. ಯಾವ ರೀತಿ ಮಾಡಿದರೂ ನಿಮ್ಮಂಥ ಹೆದ್ದಾರಿ ಸವಾರರಿಗೆ ಇದು ಬೇಕೇ ಬೇಕು. ಪೂರ್ತಿ ಒಂದೇ ಮೆತ್ತಗಿನ ರಬ್ಬರಿನ ಸ್ಪೋರ್ಟ್ ಟೈರಿನ ಹತ್ತಿರ ಹೋಗಬೇಡಿ, ನಾಲ್ಕೈದು ಸಾವಿರಕ್ಕೇ ಮುಗಿದುಹೋಗಬಹುದು.

ಹಾಗಾದರೆ ಪೂರ್ತಿ ಗಡಸಿನದನ್ನೇ ಹಾಕಿದರೆ ಇನ್ನೂ ಜಾಸ್ತಿ ಬಾಳುತ್ತದಲ್ಲ? ಬಾಳುತ್ತದೆ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಬಾಳಿಕೆ ಒಂದನ್ನೇ ನೋಡಿ, ಕಲ್ಲಿನಂಥ ಟೈರು ಹಾಕಿಸಿದೆ. ಒಣ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. 14,000 ದಾಟಿದರೂ ಗೆರೆ ಆಳವಾಗೇ ಇತ್ತು, ಖುಷಿಯಾಗಿದ್ದೆ. ಒಂದು ಸಂಜೆ ಆಗತಾನೇ ಮಳೆ ಶುರುವಾಗಿತ್ತು, ಹಿಂದೆ ನನ್ನ ತಮ್ಮ ಕೂತಿದ್ದ. ಸಿಗ್ನಲ್ಲಿನ ಹತ್ತಿರ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ರಸ್ತೆಯ ಬಿಳಿ ಪಟ್ಟೆಯ ಮೇಲೆ ಹೋಯಿತು. ವೇಗ ಇಪ್ಪತ್ತೂ ಇರಲಿಲ್ಲ. ಹಿಂಭಾಗ ಒಂದು ಮೊಳ ಪಕ್ಕಕ್ಕೆ ಸರಿದು, ಪಟ್ಟೆ ಮುಗಿದ ತಕ್ಷಣ ಗಕ್ಕನೆ ಹಿಡಿಯಿತು. ತಮ್ಮ ನನ್ನ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ಇವತ್ತಿಗೂ ಬೆನ್ನಿಗೆ ಗೊತ್ತು. ಬೀಳಲಿಲ್ಲ. ಆದರೆ ಅರ್ಧ ಆಯಸ್ಸು ಉಳಿದಿದ್ದ ಆ ಟೈರನ್ನು ಮುಂದಿನ ವಾರ ತೆಗೆಸಿದೆ. ಅಂದಿನಿಂದ ಬಾಳಿಕೆಯ ಟೈರು ಅಂದರೆ ನನ್ನ ಲೆಕ್ಕದಲ್ಲಿ ಮಳೆಯಲ್ಲೂ ನಂಬಬಹುದಾದದ್ದು ಮಾತ್ರ.

ಈಗ ಕಾಲ ಬದಲಾಗಿದೆ ಅನ್ನುವುದು ಸಮಾಧಾನ. ರಬ್ಬರಿಗೆ ಇಂಗಾಲದ ಪುಡಿಯ ಜೊತೆ ಸಿಲಿಕಾ ಬೆರೆಸುವುದು ರೂಢಿಗೆ ಬಂದ ಮೇಲೆ ಒದ್ದೆ ರಸ್ತೆಯ ಹಿಡಿತವೂ ಬಾಳಿಕೆಯೂ ಒಟ್ಟಿಗೆ ಸಿಗುವಂತಾಗಿದೆ. ಮೇಲೆ ಹೇಳಿದ ಸ್ಪೋರ್ಟ್ ಟೂರಿಂಗ್ ಟೈರುಗಳಲ್ಲೆಲ್ಲ ಸಿಲಿಕಾ ಇದೆ.

ನೀವು ಕೇಳಿದ 20,000ಕ್ಕೆ ಬರುತ್ತೇನೆ. ನಿಮ್ಮ ಬೈಕಿನ ಹಿಂದಿನ ಟೈರಿನಿಂದ 20,000 ನಿರೀಕ್ಷಿಸಬೇಡಿ. ಈ ತೂಕ, ಈ ಶಕ್ತಿಯ ಬೈಕುಗಳಲ್ಲಿ ನಾನು ಕಂಡ ಮಟ್ಟಿಗೆ, ಭಾರದ ಬಗೆಯ ಟೈರು ಹಾಕಿ, ಗಾಳಿ ಸರಿ ಇಟ್ಟರೆ 12,000ದಿಂದ 15,000 ಬರುತ್ತದೆ. ನಿಮ್ಮ ವರ್ಷದ ಓಟಕ್ಕೆ ಒಂದು ಟೈರು. ಈಗಿನ 8,500ಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು. ಮುಂದಿನದು ಇನ್ನೂ ಜಾಸ್ತಿ ಬರುತ್ತದೆ. ಒರಟು ಜಲ್ಲಿ ಮೇಲೆದ್ದ ಡಾಂಬರಿನಲ್ಲಿ, ಬೇಸಿಗೆಯ ಸುಡುವ ಮಧ್ಯಾಹ್ನಗಳಲ್ಲಿ ಓಡಿಸಿದರೆ ಈ ಅಂಕಿ ಇಳಿಯುತ್ತದೆ. ನಿಮ್ಮ ಬಲಗೈಯ ಮೇಲೂ ಬಹಳ ನಿಂತಿದೆ. ಪ್ರತಿ ಸಲ ಮುಂದಿನ ಗಾಡಿ ದಾಟುವಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸುವವರಿಗೂ ಮೆಲ್ಲಗೆ ತಿರುಗಿಸುವವರಿಗೂ ಸಾವಿರಾರು ಕಿಲೋಮೀಟರಿನ ವ್ಯತ್ಯಾಸ ನೋಡಿದ್ದೇನೆ.

ವರ್ಷಕ್ಕೆ ಮೂರು ನಾಲ್ಕು ಸಾವಿರ ಮಾತ್ರ ಓಡಿಸುವ ಬೇರೆ ಓದುಗರಿಗೂ ಒಂದು ಮಾತು. ನಿಮಗೆ ಈ ಬಾಳಿಕೆಯ ಚಿಂತೆಯೇ ಬೇಡ. ರಬ್ಬರು ಓಡದೆಯೂ ಹಳೆಯದಾಗುತ್ತದೆ, ಗಡಸಾಗುತ್ತದೆ, ಬಿರುಕು ಬಿಡುತ್ತದೆ. ಸವೆಯುವ ಮೊದಲೇ ವಯಸ್ಸಾಗುವ ಟೈರಿಗೆ ಬಾಳಿಕೆ ಯಾಕೆ? ಒಳ್ಳೆಯ ಹಿಡಿತದ ಟೈರು ಹಾಕಿಸಿ, ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಿರುಕಿದೆಯೇ ಎಂದು ತಿಳಿದವರ ಹತ್ತಿರ ನೋಡಿಸಿ.

ವಯಸ್ಸು ಅಂದಾಗ ನೆನಪಾಯಿತು, ಕೊಳ್ಳುವಾಗ ತಾರೀಖು ನೋಡಿ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ಒಂದೆರಡು ವರ್ಷದ ಒಳಗಿನದಾದರೆ ತೊಂದರೆ ಇಲ್ಲ. ಮೂರು ದಾಟಿದ್ದರೆ ಎಷ್ಟು ಅಗ್ಗ ಅಂದರೂ ನಾನು ತೆಗೆದುಕೊಳ್ಳುವುದಿಲ್ಲ. ಅಂಕಿ ಒಂದು ಬದಿಯಲ್ಲಿ ಮಾತ್ರ ಇರಬಹುದು, ಟೈರು ತಿರುಗಿಸಿ ನೋಡಿ.

ಅಳತೆ ಬದಲಿಸುವ ಆಸೆ ಹಲವರಿಗೆ. 180ರ ಬದಲು 190 ಹಾಕಿದರೆ ಅಗಲ ಜಾಸ್ತಿ, ಬಾಳಿಕೆಯೂ ಜಾಸ್ತಿ ಅನ್ನುತ್ತಾರೆ. ಆಗುವುದು ಉಲ್ಟಾ. ನಿಮ್ಮ ಐದೂವರೆ ಇಂಚಿನ ರಿಮ್ಮಿಗೆ ಅಗಲದ ಟೈರು ಕೂರಿಸಿದರೆ ಅದರ ಪಕ್ಕಗಳು ಒಳಕ್ಕೆ ಹಿಸುಕಿ, ನಡು ಚೂಪಾಗುತ್ತದೆ. ನೆಲಕ್ಕೆ ತಾಗುವ ಪಟ್ಟಿ ನೇರ ಓಟದಲ್ಲಿ ಇನ್ನೂ ಕಿರಿದಾಗುತ್ತದೆ. ಕೈಪಿಡಿ ಹೇಳಿದ ಅಳತೆಯನ್ನೇ ಹಾಕಿಸಿ.

ಇನ್ನು ಆ ಕಾರಿನ ಟೈರು. ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಹಾಗೆ ಓಡಿಸುವವರು ಇರುವುದೂ ನಿಜ. ನನ್ನ ಉತ್ತರ ಬೇಡ. ಕಾರು ಬಾಗುವುದಿಲ್ಲ, ಅದಕ್ಕೇ ಅದರ ಟೈರು ಚಪ್ಪಟೆ. ಬೈಕು ಬಾಗಿದಾಗ ಆ ಚಪ್ಪಟೆ ಟೈರು ತನ್ನ ಒಂದು ಮೂಲೆಯ ಮೇಲೆ ನಿಲ್ಲಬೇಕು. ಹ್ಯಾಂಡಲ್ಲನ್ನು ತಳ್ಳಿ ಹಿಡಿದೇ ಇರಬೇಕು, ಬಿಟ್ಟರೆ ಬೈಕು ತಾನೇ ನೆಟ್ಟಗಾಗಲು ನೋಡುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಬೀಡಿನದು. ಟೈರು ರಿಮ್ಮಿಗೆ ಕಚ್ಚಿಕೊಳ್ಳುವ ಆ ಅಂಚಿನ ಆಕಾರ ಕಾರಿಗೆ ಬೇರೆ, ಬೈಕಿಗೆ ಬೇರೆ. ಗಾಳಿ ನಿಂತಿದೆ ಅಂದ ಮಾತ್ರಕ್ಕೆ ಸರಿಯಾಗಿ ಕೂತಿದೆ ಎಂದು ಅರ್ಥ ಅಲ್ಲ. ಬೈಕು ಮಾಡುವವರೂ ಟೈರು ಮಾಡುವವರೂ ಇದನ್ನು ಒಪ್ಪುವುದಿಲ್ಲ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುವ ಬೈಕಿನಲ್ಲಿ ಈ ಪ್ರಯೋಗ ಖಂಡಿತ ಬೇಡ.

ಮುಂದಿನದು ಅರ್ಧ ಸವೆದಿದೆ ಅಂದಿರಿ. ಅಂಗೈ ಸವರಿ ನೋಡಿದಾಗ ಗರಗಸ ಸಿಗದೆ, ನಡುವೆ ಮೂರೂವರೆ ಮಿಲಿಮೀಟರಾದರೂ ಗೆರೆ ಉಳಿದಿದ್ದರೆ ಬಿಡಿ, ಹಿಂದಿನದನ್ನು ಮಾತ್ರ ಬದಲಿಸಿ. ಆದರೆ ಆಗ ಅದೇ ಕಂಪನಿಯ ಹೊಂದುವ ಟೈರು ಸಿಕ್ಕರೆ ಒಳ್ಳೆಯದು. ಗರಗಸ ಆಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಅದು ತಾನಾಗಿ ಸರಿಹೋಗುವುದಿಲ್ಲ, ಓಡಿಸಿದಷ್ಟೂ ಹೆಚ್ಚುತ್ತದೆ. ಒಂದು ಚಕ್ರಕ್ಕೆ ರೇಡಿಯಲ್, ಇನ್ನೊಂದಕ್ಕೆ ಎಳೆಗಳು ಓರೆಯಾಗಿರುವ ಹಳೆ ಮಾದರಿಯ ಬಯಾಸ್ ಟೈರು, ಹೀಗೆ ಮಾತ್ರ ಬೆರೆಸಬೇಡಿ.

ಹಾಗಾದರೆ ಯಾವುದು? ಮೇಲಿನ ಹೆಸರುಗಳಲ್ಲಿ ನಿಮ್ಮ ಬಳಕೆಗೆ ನಾನು ಮೊದಲು ಕೇಳುವುದು ರೋಡ್ 6 ಜಿಟಿ. ಅದು ಸಿಗದಿದ್ದರೆ ರೋಡ್‌ಟೆಕ್ 01ರ ಎಚ್‌ಡಬ್ಲ್ಯುಎಂ ಬಗೆ. ಮೆಟ್ಝೆಲರ್‌ನವರು ಉಕ್ಕಿನ ತಂತಿಯನ್ನು ಟೈರಿನ ಸುತ್ತಳತೆಗೆ ನೇರವಾಗಿ, ದಾರದುಂಡೆಗೆ ದಾರ ಸುತ್ತಿದಂತೆ ಸುತ್ತುತ್ತಾರೆ. ವೇಗದಲ್ಲಿ ಟೈರು ಉಬ್ಬುವುದನ್ನು ಅದು ತಡೆಯುತ್ತದೆ, ಭಾರದ ಬೈಕು ಹೆದ್ದಾರಿಯಲ್ಲಿ ಅಲುಗದೆ ನಿಲ್ಲುತ್ತದೆ. ಉಳಿದ ಜಿಟಿಗಳಲ್ಲೂ ಕೆಟ್ಟದ್ದು ಯಾವುದೂ ಇಲ್ಲ. ಈ ಟೈರುಗಳ ನಡುವಿನ ವ್ಯತ್ಯಾಸಕ್ಕಿಂತ 31 ಮತ್ತು 42ರ ನಡುವಿನ ವ್ಯತ್ಯಾಸ ದೊಡ್ಡದು. ಹಾಗಾಗಿ ಒಂದು ಒಳ್ಳೆಯ ಗಾಳಿ ಅಳೆಯುವ ಗೇಜನ್ನು ಟೈರಿನ ಜೊತೆಗೇ ಕೊಂಡುಬಿಡಿ, ಬೈಕಿನಲ್ಲೇ ಇಟ್ಟುಕೊಳ್ಳಿ. ಗಾಳಿ ಹಾಕುವ ಕಡೆಯ ಮೀಟರುಗಳು ಎರಡು ಮೂರು ಪಿಎಸ್‌ಐ ಆಚೀಚೆ ತೋರಿಸುವುದು ಸಾಮಾನ್ಯ. ಬೆಳಿಗ್ಗೆ ಹೊರಡುವ ಮುಂಚೆ ಅಳೆಯಿರಿ. ಹವೆ ಹತ್ತು ಡಿಗ್ರಿ ತಣ್ಣಗಾದರೆ ಸುಮಾರು ಎರಡು ಪಿಎಸ್‌ಐ ತಾನಾಗೇ ಇಳಿಯುತ್ತದೆ, ಚಳಿಗಾಲ ಶುರುವಾದಾಗ ಮರೆಯಬೇಡಿ. ಬಿಸಿಯಾದಾಗ 46 ತೋರಿಸಿತು ಎಂದು ಗಾಬರಿಯಾಗಿ ಗಾಳಿ ಬಿಡಬೇಡಿ, ಅದು ಹಾಗೇ ಏರಬೇಕು. ನೈಟ್ರೋಜನ್ ಹಾಕಿಸಲೇ ಎಂದು ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಸಿಕ್ಕರೆ ಹಾಕಿಸಿ, ಸಿಗದಿದ್ದರೆ ಚಿಂತೆ ಬೇಡ.

ಟೈರು ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಟೈರಿನ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ವಾಲ್ವ್ ರಬ್ಬರಿನದಾದರೆ ಹೊಸದು ಹಾಕಿಸಿ, ಹಳೆಯದು ಬುಡದಲ್ಲಿ ಬಿರುಕು ಬಿಟ್ಟಿರುತ್ತದೆ. ಬ್ಯಾಲೆನ್ಸಿಂಗ್ ಬಿಡಬೇಡಿ. ಚಕ್ರ ಹೊರಗಿರುವಾಗಲೇ ಬೇರಿಂಗಿನೊಳಗೆ ಬೆರಳು ಹಾಕಿ ತಿರುಗಿಸಿ ನೋಡಿ, ಕರಕರ ಅನ್ನಬಾರದು. ಮೊದಲ 150–200 ಕಿ.ಮೀ. ಮೆಲ್ಲಗೆ ಓಡಿಸಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುತ್ತದೆ, ಬಾಗುವುದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ.

ಬದಲಿಸುವ ಹೊತ್ತು ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೈರಿನ ಪಕ್ಕದಲ್ಲಿ ಟಿಡಬ್ಲ್ಯುಐ ಅಥವಾ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗೆರೆಯೊಳಗೆ ಒಂದು ಸಣ್ಣ ದಿಬ್ಬ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಕಥೆ ಮುಗಿದಂತೆ. ಆದರೆ ಬೈಕಿನ ಟೈರಿನಲ್ಲಿ ಆ ದಿಬ್ಬ ಸಾಮಾನ್ಯವಾಗಿ 0.8 ಮಿ.ಮೀ. ಎತ್ತರ ಅಷ್ಟೇ. ಮಳೆನೀರನ್ನು ಹೊರಹಾಕಲು ಅಷ್ಟು ಆಳ ಸಾಲದು. ನಾನು 2 ಮಿ.ಮೀ.ಗೇ ತೆಗೆಸುತ್ತೇನೆ. ಕೊನೆಯ ಸಾವಿರ ಕಿಲೋಮೀಟರ್ ಉಳಿಸಲು ಹೋಗುವವರ ಟೈರಿಗೇ ಪಂಚರ್ ಜಾಸ್ತಿ, ತೆಳುವಾದ ರಬ್ಬರನ್ನು ಮೊಳೆ ಸುಲಭವಾಗಿ ತೂರುತ್ತದೆ.

ಆಳ ಅಳೆಯುವ ಸಣ್ಣ ಗೇಜು ಸಿಗುತ್ತದೆ. ಟೈರು ಹಾಕಿಸಿದ ದಿನ ನಡುವಿನ ಗೆರೆಯ ಆಳ ಅಳೆದು ಬರೆದಿಡಿ. 7 ಮಿ.ಮೀ. ಇತ್ತು ಎಂದುಕೊಳ್ಳಿ. 3,000 ಕಿ.ಮೀ. ಆದ ಮೇಲೆ 5.8 ತೋರಿಸಿದರೆ, ಸಾವಿರಕ್ಕೆ 0.4 ಸವೆಯುತ್ತಿದೆ. 2 ಮಿ.ಮೀ. ಉಳಿಯುವವರೆಗೆ ಸವೆಯಲು 5 ಮಿ.ಮೀ. ಇದೆ, ಅಂದರೆ ಒಟ್ಟು 12,500 ಬರುತ್ತದೆ. ಹೊಸ ಟೈರು 3,000 ಓಡಿದ ಮೇಲೆ ನಡುವೆ ಒಂದು ಕಡೆ, ಎಡ ಬಲ ಅಂಚುಗಳಲ್ಲಿ ಒಂದೊಂದು ಕಡೆ ಅಳೆದು, ಆ ಮೂರು ಅಂಕಿಗಳನ್ನೂ ಬೆಳಗಿನ ತಣ್ಣನೆ ಗಾಳಿಯ ಅಂಕಿಯನ್ನೂ ನನಗೆ ಬರೆಯಿರಿ. ಮುಂದಿನ ಸಲಕ್ಕೆ ಇದೇ ಟೈರು ಸಾಕೇ, ಬೇರೆ ನೋಡಬೇಕೇ ಎಂದು ಆಗ ಹೇಳುತ್ತೇನೆ.